ಹಿಟ್ಟಿನ ಹುಂಜ ಮತ್ತು ಪ್ರದರ್ಶನದ ಹುಂಜ
‘ಯಶೋಧರ ಚರಿತೆ’ಯ ಒಂದು ಮರು ಓದು

ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿಮರ್ಶೆ ಬಹುಮಟ್ಟಿಗೆ ಎರಡು ಸ್ಥಳಗಳಲ್ಲಿ ನಿಂತುಬಿಡುತ್ತದೆ. ಒಂದು, ರಾಣಿ ಅಮೃತಮತಿಯು ಕುರೂಪಿಯಾದ ಮಾವುತನ ಹಾಡಿಗೆ ಮನಸೋತ ಪ್ರಸಂಗ. ಇನ್ನೊಂದು, ದೇವಿಯ ಗುಡಿಯಲ್ಲಿ ಬಲಿಯಾಗುವ ಗಳಿಗೆಗೆ ಹಿಟ್ಟಿನ ಕೋಳಿಯು ಕೂಗಿದ ಪ್ರಸಂಗ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಹೊರತಂದಾಗ ರಂಗದ ಮೇಲೆ ಬಂದದ್ದೂ ಈ ಎರಡೇ. ಆದರೆ ಕಾವ್ಯದಲ್ಲಿ ಕೋಳಿಯ ಇನ್ನೊಂದು ಪ್ರಸಂಗವಿದೆ. ಅದು ಹಿಟ್ಟಿನದಲ್ಲ, ರಕ್ತಮಾಂಸದ ಜೋಡಿಕೋಳಿಗಳದು. ವಿಮರ್ಶಕರು ಅದನ್ನು ಕಥೆ ಮುಗಿಸುವ ಉಪಾಯವೆಂದು ಭಾವಿಸಿ ದಾಟಿಹೋಗಿದ್ದಾರೆ. ನಾನೂ ಮೂವತ್ತು ವರ್ಷ ಹಾಗೆಯೇ ದಾಟಿಹೋದವನು. ಅಲ್ಲಿ ನಿಂತು ಓದುವಂತೆ ಮಾಡಿದ್ದು ಯಾವ ಪಂಡಿತರ ಉಪನ್ಯಾಸವೂ ಅಲ್ಲ, ನನ್ನದೇ ಒಂದು ಸಹಿ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪೈಕಿ ಒಂದು ಊರಿನ ಬಸದಿಯ ಟ್ರಸ್ಟಿನಲ್ಲಿ ನಾನು ಕೋಶಾಧಿಕಾರಿಯಾಗಿದ್ದೆ. ಕೆಲವು ವರ್ಷಗಳ ಹಿಂದೆ ಟ್ರಸ್ಟಿನ ಸಭಾಭವನವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೇಳಿಕೊಂಡು ಕೆಲವು ಯುವಕರು ಬಂದರು. ಅಲಂಕಾರಿಕ ಕೋಳಿಗಳ ಪ್ರದರ್ಶನ. ಬಣ್ಣಕ್ಕೆ ಒಂದು ಬಹುಮಾನ, ಗಾತ್ರಕ್ಕೆ ಒಂದು ಬಹುಮಾನ. ವಿನಯವಂತ ಹುಡುಗರು. ನಮ್ಮ ಹಿಂಜರಿಕೆಯನ್ನು ಅರಿತು ತಾವಾಗಿಯೇ ಹೇಳಿದರು: “ಕಾದಾಟ ಇಲ್ಲ, ಜೂಜು ಇಲ್ಲ, ಕೊಯ್ಯುವುದಿಲ್ಲ. ಅಂದ ನೋಡುವುದು, ಅಷ್ಟೆ.” ಸಭೆಯಲ್ಲಿ ಯಾರೂ ಎದುರಾಡಲಿಲ್ಲ. ನಾನು ರಸೀತಿಗೆ ಸಹಿ ಹಾಕಿದೆ.

ಆ ದಿನ ನಾನೂ ಹೋಗಿ ನೋಡಿದೆ. ಕಾಲಿನ ಬೆರಳವರೆಗೂ ಗರಿ ಬೆಳೆದ ಬ್ರಹ್ಮ ಜಾತಿಯ ದೊಡ್ಡ ಹುಂಜಗಳು, ಹತ್ತಿಯಂತಹ ಪುಕ್ಕದ ಸಿಲ್ಕಿಗಳು, ತಲೆಯ ಮೇಲೆ ಹೂಗುಚ್ಛದಂತೆ ಜುಟ್ಟು ಬಿಟ್ಟ ಪೋಲಿಷ್ ಕೋಳಿಗಳು. ಮಕ್ಕಳು ಸಾಲುಗಟ್ಟಿ ನಿಂತು ಸಂತೋಷಪಟ್ಟರು. ಒಂದು ಪಂಜರದ ಮುಂದೆ ನಿಂತು ಅದರ ಒಡೆಯನನ್ನು ವಿಚಾರಿಸಿದೆ. ಇಂತಹ ಬಣ್ಣ ಎಲ್ಲ ಮರಿಗಳಿಗೂ ಬರುವುದೇ ಎಂದು. “ಎಲ್ಲಿ ಸ್ವಾಮಿ, ನಲವತ್ತು ಮರಿಯಲ್ಲಿ ಎರಡು ಇಟ್ಟುಕೊಂಡೆ” ಎಂದ. ಉಳಿದವು? “ಸಂತೆಗೆ.” ಮುಚ್ಚುಮರೆಯಿಲ್ಲದೆ ಹೇಳಿದ ಮಾತು. ಅವನ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಆ ಒಂದು ಪದ ನನ್ನೊಡನೆ ಮನೆಗೆ ಬಂದಿತು.

ನಲವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದವನು ನಾನು. ಬಣ್ಣ, ಗಾತ್ರ ನೋಡಿ ಬೇರ್ಪಡಿಸುವುದೇ ನಮ್ಮ ಕಸುಬು. ರಾಶಿ, ಚಾಲಿ, ತಟ್ಟಿಬೆಟ್ಟೆ, ಬಿಳೇಗೋಟು, ಕೆಂಪುಗೋಟು ಎಂದು ರಾಶಿ ಹಾಕದಿದ್ದರೆ ಮೂರೂ ತಾಲೂಕಿನ ಮಾರುಕಟ್ಟೆ ಒಂದು ದಿನ ನಡೆಯದು. ಗೋಟಿಗೆ ಬೆಲೆ ಕಡಿಮೆ, ಗೋಟಿಗೆ ನೋವಿಲ್ಲ. ಜೀವವನ್ನು ಇದೇ ತಟ್ಟೆಯಲ್ಲಿಟ್ಟು ಆರಿಸಿದಾಗ ಗೋಟಾದ ಮರಿಯ ಗತಿ ಏನು ಎಂಬ ಪ್ರಶ್ನೆಯೊಡನೆ ನಾನು ಮತ್ತೆ ಜನ್ನನ ಬಳಿಗೆ ಹೋದೆ.

ಕಾವ್ಯದ ಮೂರನೆಯ ಕೋಳಿ

ಕ್ರಿ.ಶ. 1209ರಲ್ಲಿ ರಚಿತವಾದ ಈ ಕಾವ್ಯಕ್ಕೆ ವಾದಿರಾಜನ ಸಂಸ್ಕೃತ ಕೃತಿ ಆಧಾರ. ಅದಕ್ಕೂ ಹಿಂದೆ, 959ರಲ್ಲಿ, ಸೋಮದೇವಸೂರಿಯು ‘ಯಶಸ್ತಿಲಕ’ದಲ್ಲಿ ಇದೇ ಕಥೆಯನ್ನು ಹೇಳಿದ್ದನು. ಕಥೆ ಓದುಗರಿಗೆ ತಿಳಿದದ್ದೇ. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡು ಎಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಪ್ಪುವುದಿಲ್ಲ. ಕೊನೆಗೆ ತಾಯಿಮಗನ ನಡುವೆ ಒಂದು ರಾಜಿಯಾಗುತ್ತದೆ. ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿ ಕೊಡುವುದು. ರಕ್ತ ಬೀಳಲಿಲ್ಲ, ಆದರೂ ಪಾಪ ಬಿದ್ದಿತು. ಸಂಕಲ್ಪವೇ ಹಿಂಸೆ ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕಥೆ ನಮ್ಮ ಸಾಹಿತ್ಯದಲ್ಲಿಲ್ಲ.

ಇಲ್ಲಿ ಗಮನಿಸಬೇಕಾದುದು ಚಂದ್ರಮತಿಯ ಪಾಲು. ಕತ್ತಿ ಎತ್ತಿದವನು ಮಗ. ತಾಯಿ ಸಲಹೆ ಕೊಟ್ಟಳು, ಹಟ ಹಿಡಿದಳು. ಆದರೆ ಕವಿ ಆಕೆಗೆ ಒಂದು ಜನ್ಮದ ರಿಯಾಯಿತಿಯನ್ನೂ ಕೊಡುವುದಿಲ್ಲ. ನವಿಲು ನಾಯಿಗಳಾಗಿ, ಮುಳ್ಳುಹಂದಿ ಹಾವುಗಳಾಗಿ, ಮೀನು ಮೊಸಳೆಗಳಾಗಿ, ಆಡುಗಳಾಗಿ, ಆಡು ಕೋಣಗಳಾಗಿ ಇಬ್ಬರೂ ಜೊತೆಜೊತೆಯಲ್ಲಿ ತೊಳಲುತ್ತಾರೆ. ಕೃತ, ಕಾರಿತ, ಅನುಮೋದನೆ ಎಂದು ನಾವು ಸ್ವಾಧ್ಯಾಯದಲ್ಲಿ ಬಾಯಿಪಾಠ ಒಪ್ಪಿಸುವ ಮೂರು ಮಾತುಗಳಿಗೆ ಜನ್ನ ಕೊಟ್ಟ ವ್ಯಾಖ್ಯಾನವಿದು. ಮಾಡಿದವನಿಗೂ ಮಾಡಿಸಿದವಳಿಗೂ ದಾರಿ ಒಂದೇ.

ಆ ದಾರಿಯ ಕೊನೆಯ ತಿರ್ಯಗ್ಜನ್ಮವೇ ಜೋಡಿಕೋಳಿ. ಯಾವುದನ್ನು ಹಿಟ್ಟಿನಲ್ಲಿ ಮಾಡಿ ಕಡಿದರೋ ಅದೇ ಆಗಿ ಹುಟ್ಟಿದರು. ಆದರೆ ಈ ಕೋಳಿಗಳು ಬಲಿಗಾಗಿ ಸಾಕಿದವಲ್ಲ, ಅಡಿಗೆಗಾಗಿ ಸಾಕಿದವೂ ಅಲ್ಲ. ರಾಜನಾದ ಯಶೋಮತಿಯ ವಿನೋದಕ್ಕಾಗಿ ಅವನ ತಳಾರನು ಪಂಜರದಲ್ಲಿಟ್ಟು ಸಾಕಿದವು. ವಸಂತಕಾಲದಲ್ಲಿ ಅರಸನ ಪರಿವಾರ ಉಪವನಕ್ಕೆ ಹೋಗುತ್ತದೆ. ಪಂಜರವೂ ಹೋಗುತ್ತದೆ. ಅಲ್ಲಿ ತಳಾರನು ಅಕಂಪನ ಮುನಿಗಳ ಉಪದೇಶ ಕೇಳುತ್ತಾನೆ. ಕೋಳಿಗಳೂ ಕೇಳುತ್ತವೆ, ಹಿಂದಿನ ಜನ್ಮಗಳನ್ನು ನೆನೆದು ಸಂತೋಷದಿಂದ ಕೂಗುತ್ತವೆ. ಡೇರೆಯಲ್ಲಿ ರಾಣಿಯೊಡನಿದ್ದ ಅರಸನು, ಶಬ್ದ ಕೇಳಿ ಗುರಿಯಿಡುವ ತನ್ನ ಕೌಶಲವನ್ನು ಆಕೆಗೆ ತೋರಿಸಲೆಂದು ಬಾಣ ಬಿಡುತ್ತಾನೆ. ಹಕ್ಕಿಗಳು ಸಾಯುತ್ತವೆ. ಆ ಜೀವಗಳು ಅದೇ ರಾಣಿಯ ಗರ್ಭದಲ್ಲಿ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತವೆ.

ಇಲ್ಲಿ ದ್ವೇಷವಿಲ್ಲ, ಹಸಿವಿಲ್ಲ, ಭಯವಿಲ್ಲ, ದೇವತೆಯ ಹರಕೆಯೂ ಇಲ್ಲ. ಇರುವುದು ಎರಡೇ: ಸಾಕಿದವನ ವಿನೋದ ಮತ್ತು ತೋರಿಸಿಕೊಳ್ಳುವ ಆಸೆ. ಹಿಟ್ಟಿನ ಕೋಳಿಯ ಪ್ರಸಂಗವು ಬಲಿ ಕೊಡುವವರಿಗೆ ಹೇಳಿದ ಮಾತಾದರೆ, ಜೋಡಿಕೋಳಿಯ ಪ್ರಸಂಗವು ಬಲಿ ಕೊಡದವರಿಗೆ, ಎಂದರೆ ನಮಗೆ, ಹೇಳಿದ ಮಾತು ಎಂಬುದು ನನ್ನ ನಂಬಿಕೆ.

ಕವಿಯ ಮೇಲೆ ಒಂದು ಆಕ್ಷೇಪವನ್ನೂ ಎತ್ತಬಹುದು. ಆ ಕೋಳಿಗಳೊಳಗೆ ಅರಸನೂ ಅರಸನ ತಾಯಿಯೂ ಇದ್ದುದರಿಂದಲ್ಲವೇ ನಮಗೆ ಕನಿಕರ? ಪಕ್ಕದ ಪಂಜರದಲ್ಲಿ ಬರಿಯ ಕೋಳಿ ಇದ್ದಿದ್ದರೆ ಕವಿ ಒಂದು ಪದ್ಯವನ್ನಾದರೂ ಖರ್ಚು ಮಾಡುತ್ತಿದ್ದನೇ? ಆಕ್ಷೇಪದಲ್ಲಿ ಹುರುಳಿದೆ. ಪುರಾಣಕಥೆಯ ಕಣ್ಣು ರಾಜವಂಶದ ಮೇಲೆಯೇ ಇರುತ್ತದೆ. ಆದರೆ ಓದುಗನು ಒಂದು ಹೆಜ್ಜೆ ಮುಂದಿಟ್ಟರೆ ಈ ದೋಷವೇ ಗುಣವಾಗುತ್ತದೆ. ಅರಸನಿಗೆ ತನ್ನ ಬಾಣಕ್ಕೆ ಬಿದ್ದುದು ತಂದೆ ಮತ್ತು ಅಜ್ಜಿ ಎಂದು ತಿಳಿದಿರಲಿಲ್ಲ. ನಮಗೂ ತಿಳಿಯದು. ಯಾವ ಪಂಜರದ ಮೇಲೂ ಒಳಗಿರುವ ಜೀವದ ವಂಶಾವಳಿ ಬರೆದಿರುವುದಿಲ್ಲ. ಬರೆದಿರುವುದು ತಳಿಯ ಹೆಸರು ಮಾತ್ರ.

ಕಣದಿಂದ ಪಂಜರಕ್ಕೆ

ಪ್ರದರ್ಶನದ ಕೋಳಿಯ ಇತಿಹಾಸವೂ ಒಂದು ರಾಜಿಯ ಇತಿಹಾಸವೇ. ಇಂಗ್ಲೆಂಡಿನಲ್ಲಿ 1835ರ ಕಾಯಿದೆ ಕೋಳಿ ಕಾದಾಟವನ್ನು ನಿಷೇಧಿಸಿತು. ಹತ್ತು ವರ್ಷಗಳ ಬಳಿಕ, 1845ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದ ಆವರಣದಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. ಚೀನಾದಿಂದ ಬಂದ ಕೊಚ್ಚಿನ್ ಕೋಳಿಗಳು, ನಮ್ಮ ಬ್ರಹ್ಮಪುತ್ರಾ ನದಿಯಿಂದ ಹೆಸರು ಪಡೆದ ಬ್ರಹ್ಮ ಕೋಳಿಗಳು ವಿಕ್ಟೋರಿಯಾ ರಾಣಿಯ ಅರಮನೆಯವರೆಗೂ ಹೋದವು. ಕೋಳಿಹುಚ್ಚು ಎಂದೇ ಆ ಕಾಲದ ಜನ ಅದನ್ನು ಕರೆದರು. 1874ರಲ್ಲಿ ಅಮೆರಿಕದವರು ಮಾನದಂಡದ ಗ್ರಂಥವನ್ನೇ ಮಾಡಿ, ಯಾವ ತಳಿಗೆ ಯಾವ ಬಣ್ಣ, ಎಷ್ಟು ತೂಕ, ಎಂತಹ ಜುಟ್ಟು ಎಂದು ಗೊತ್ತುಪಡಿಸಿದರು. ಕಣದಲ್ಲಿ ರಕ್ತ ನಿಂತಿತು. ಹಕ್ಕಿಯನ್ನು ಗೆಲ್ಲಿಸಬೇಕೆಂಬ ಮನುಷ್ಯನ ಹಟ ಮಾತ್ರ ಪಂಜರದ ಮುಂದೆ ಬಂದು ನಿಂತಿತು.

ನಮ್ಮಲ್ಲಿಯೂ ಹೀಗೆಯೇ. ಘಟ್ಟದ ಕೆಳಗೆ, ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆ, ಹುಂಜದ ಬಣ್ಣ ನೋಡಿ ಗೆಲುವಿನ ದಿನ ಹೇಳುವ ಕುಕ್ಕುಟ ಪಂಚಾಂಗವೇ ಇದೆ. ಕಾವೆ, ಬೊಳ್ಳೆ, ಕೆಮ್ಮೈರೆ, ಉರಿಯೆ ಎಂದು ಬಣ್ಣಕ್ಕೊಂದು ಹೆಸರು. ತಮಿಳುನಾಡಿನಲ್ಲಿ ಅಸೀಲ್ ಜಾತಿಯ ಕಾದಾಟದ ಹುಂಜದಿಂದಲೇ ಗಿಳಿಮೂಗು, ಉದ್ದಬಾಲದ ಹುಂಜಗಳನ್ನು ಬೆಳೆಸಿ, ದಿಂಡುಗಲ್ ಮೊದಲಾದ ಕಡೆ ಪ್ರದರ್ಶನಕ್ಕಿಡುತ್ತಾರೆ. 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು ಅಪರಾಧವೆನ್ನುತ್ತದೆ. ಬಣ್ಣಕ್ಕಾಗಿ ತಳಿ ಬೆಳೆಸುವುದನ್ನು ಅಪರಾಧವೆನ್ನುವುದಿಲ್ಲ. ಆದುದರಿಂದ ಇಲ್ಲಿ ಕಾನೂನಿನ ಮಾತು ಮುಗಿದು ವ್ರತದ ಮಾತು ಆರಂಭವಾಗುತ್ತದೆ.

ಬಣ್ಣದ ಲೆಕ್ಕ

ವಾಣಿಜ್ಯ ಪದವಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಪ್ರತಿ ಜಮೆಗೆ ಎದುರಾಗಿ ಒಂದು ಖರ್ಚಿನ ಕಲಮು ಇರಲೇಬೇಕೆಂಬುದು. ಬಹುಮಾನದ ಹುಂಜ ಜಮೆಯ ಕಡೆಯಲ್ಲಿ ಎಲ್ಲರ ಕಣ್ಣಿಗೆ ಕಾಣುತ್ತದೆ. ಖರ್ಚಿನ ಕಡೆಯನ್ನು ಓದಲು ಸ್ವಲ್ಪ ತಳಿಶಾಸ್ತ್ರ ಬೇಕು.

ಆಂಡಲೂಷಿಯನ್ ಎಂಬ ತಳಿಯ ನೀಲಿ ಬೂದು ಬಣ್ಣ ಬಹಳ ಪ್ರಸಿದ್ಧ. ನೀಲಿ ಹುಂಜಕ್ಕೂ ನೀಲಿ ಹೇಂಟೆಗೂ ಹುಟ್ಟಿದ ಮರಿಗಳಲ್ಲಿ ಸರಾಸರಿ ಅರ್ಧ ಮಾತ್ರ ನೀಲಿ. ಕಾಲು ಭಾಗ ಕಪ್ಪು, ಕಾಲು ಭಾಗ ಬಿಳಿಯ ಮೇಲೆ ಚುಕ್ಕೆ. ಎಷ್ಟು ತಲೆಮಾರು ಕಳೆದರೂ ಈ ಲೆಕ್ಕ ಬದಲಾಗದು, ಏಕೆಂದರೆ ಆ ನೀಲಿ ಎರಡು ಗುಣಗಳ ಬೆರಕೆಯಿಂದ ಮಾತ್ರ ಹುಟ್ಟುವ ಬಣ್ಣ. ಶುದ್ಧ ನೀಲಿ ಬೇಕೆನ್ನುವವನು ಪ್ರತಿ ಸಲವೂ ಅರ್ಧ ಮರಿಗಳನ್ನು ಬೇಡವೆನ್ನಬೇಕಾಗುತ್ತದೆ.

ಇನ್ನೊಂದು ಉದಾಹರಣೆ ಜಪಾನಿನ ಕುಳ್ಳಗಾಲಿನ ಚಾಬೊ ಕೋಳಿ. ಅದರ ಗಿಡ್ಡ ಕಾಲಿಗೆ ಕಾರಣವಾದ ಅಂಶವು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿಯು ಬದುಕುವುದಿಲ್ಲ. ಗಿಡ್ಡಗಾಲಿನ ಜೋಡಿಯ ಮೊಟ್ಟೆಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಅಂಡಜವೂ ಗರ್ಭಜನ್ಮವೇ ಎಂಬುದು ‘ತತ್ತ್ವಾರ್ಥಸೂತ್ರ’ದ ವಿಭಾಗ. ಹಾಗಾದರೆ ಚಿಪ್ಪಿನೊಳಗೆ ಸತ್ತದ್ದು ಪಂಚೇಂದ್ರಿಯ ಜೀವ. ಆ ಸಾವು ಅಕಸ್ಮಾತ್ತಲ್ಲ. ಜೋಡಿ ಕಟ್ಟುವಾಗಲೇ ಬರೆದಿಟ್ಟದ್ದು.

ಸಭಾಭವನದಲ್ಲಿ ನಾನು ಕಂಡ ಪೋಲಿಷ್ ಕೋಳಿಯ ಜುಟ್ಟಿನ ಅಡಿಯಲ್ಲಿ ತಲೆಬುರುಡೆ ಉಬ್ಬಿರುತ್ತದೆ, ಎಲುಬು ಪೂರ್ಣವಾಗಿ ಕೂಡಿರುವುದಿಲ್ಲ. ಜುಟ್ಟು ಕಣ್ಣಿನ ಮೇಲೆ ಇಳಿದು ಅಕ್ಕಪಕ್ಕ ಕಾಣದು. ಮಕ್ಕಳು ನಕ್ಕದ್ದು ಹಕ್ಕಿ ಬೆಚ್ಚಿಬೀಳುವುದನ್ನು ಕಂಡು. ಜಪಾನಿನ ಓನಾಗದೋರಿ ಹುಂಜದ ಬಾಲದ ಗರಿ ಉದುರದೆ ಹಲವು ಮೀಟರು ಬೆಳೆಯುತ್ತದೆ. 1952ರಲ್ಲಿ ಆ ದೇಶ ಅದನ್ನು ವಿಶೇಷ ನೈಸರ್ಗಿಕ ಸ್ಮಾರಕವೆಂದು ಸಾರಿತು. ಆ ಬಾಲ ಕೆಡದಿರಲೆಂದು ಹುಂಜವನ್ನು ಎತ್ತರವಾದ ಇಕ್ಕಟ್ಟು ಪೆಟ್ಟಿಗೆಯೊಳಗೆ ಅಡ್ಡಕಟ್ಟಿಗೆಯ ಮೇಲೆ ಕೂಡಿಸಿಡುವ ಪದ್ಧತಿ ಬೆಳೆಯಿತು. ನೆಲ ಕೆರೆಯುವುದಕ್ಕೇ ಹುಟ್ಟಿದ ಹಕ್ಕಿಗೆ ನೆಲವೇ ಇಲ್ಲ.

ಗಾತ್ರದ ಮಾತೂ ಹೀಗೆಯೇ. ನಾಡಕೋಳಿಯ ಪೂರ್ವಜವಾದ ಕೆಂಪು ಕಾಡುಕೋಳಿಯ ಹುಂಜ ಸುಮಾರು ಒಂದು ಕಿಲೋ ತೂಗುತ್ತದೆ. ಬ್ರಹ್ಮ ಹುಂಜಕ್ಕೆ ಮಾನದಂಡದ ಗ್ರಂಥವು ಐದು ಕಿಲೋಗೂ ಮೀರಿದ ತೂಕವನ್ನು ಕೇಳುತ್ತದೆ. ಈ ಭಾರ ಹೊರಗಿನಿಂದ ಹೇರಿದ್ದಲ್ಲ, ದೇಹದೊಳಗೇ ಬೆಳೆಸಿದ್ದು.

ಯಲ್ಲಾಪುರದ ಕಾಡಿನಲ್ಲಿ, ನಮ್ಮ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಇಂದಿಗೂ ಬೂದು ಕಾಡುಕೋಳಿಯ ಕೂಗು ಕೇಳಿಸುತ್ತದೆ. ಕತ್ತಿನ ಗರಿಯ ಮೇಲೆ ಅರಗಿನ ಹನಿ ಚೆಲ್ಲಿದಂತಹ ಚುಕ್ಕೆಗಳು. ಯಾರೂ ಬಹುಮಾನ ಕೊಡದೆ ಬಂದ ಚೆಲುವು. ಆ ಗರಿಗಾಗಿಯೇ, ಮೀನು ಹಿಡಿಯುವ ಗಾಳಕ್ಕೆ ಕಟ್ಟಲೆಂದು, ಪಾಶ್ಚಾತ್ಯರು ಅದನ್ನು ಬಹುಕಾಲ ತರಿಸಿಕೊಂಡರು. ಸಾಕುಕೋಳಿಗಳ ಹಳದಿ ಚರ್ಮದ ಗುಣವು ಈ ದಕ್ಷಿಣದ ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜಗತ್ತಿನ ಪಂಜರಗಳಲ್ಲಿ ನಮ್ಮ ಬೆಟ್ಟದ ಪಾಲೂ ಇದೆ ಎಂದಾಯಿತು.

ಸಾಕುವವರ ವಾದ

ಹವ್ಯಾಸಿಗಳ ಮಾತನ್ನೂ ನ್ಯಾಯವಾಗಿ ಕೇಳಬೇಕು. ಮಾಂಸದ ಕೋಳಿ ಕೆಲವೇ ವಾರ ಬದುಕುತ್ತದೆ. ನಮ್ಮ ಹಕ್ಕಿ ವರ್ಷಗಟ್ಟಲೆ ಬದುಕುತ್ತದೆ ಎನ್ನುತ್ತಾರೆ. ನಿಜ. ಮೊಟ್ಟೆಯ ಉದ್ಯಮದಲ್ಲಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದುಂಟು. ಅದರ ಮುಂದೆ ಇದು ಅಲ್ಪ ಎನ್ನುತ್ತಾರೆ. ಅದೂ ನಿಜ. ಹಳೆಯ ತಳಿಗಳು ಅಳಿಯದಂತೆ ನಾವು ಕಾಯುತ್ತೇವೆ, ರಾತ್ರಿಯೆಲ್ಲ ಎದ್ದು ಮರಿಗಳಿಗೆ ಕಾವು ಕೊಡುತ್ತೇವೆ ಎನ್ನುತ್ತಾರೆ. ಅವರ ಅಕ್ಕರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಅಕ್ಕರೆಯ ಸ್ವರೂಪವನ್ನು ಆಚಾರ್ಯರು ನಮಗಿಂತ ಸೂಕ್ಷ್ಮವಾಗಿ ಪರೀಕ್ಷಿಸಿದ್ದಾರೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ರಾಗಾದಿಗಳು ಹುಟ್ಟುವುದೇ ಹಿಂಸೆ ಎಂದು ನಿರ್ಣಯಿಸುತ್ತಾರೆ. ಹವ್ಯಾಸಿಯ ಅಕ್ಕರೆ ಹಕ್ಕಿಯ ಮೇಲಿನದೋ, ಅದರ ಬಣ್ಣದ ಮೇಲಿನದೋ? ಪರೀಕ್ಷೆ ಸುಲಭ. ಬಣ್ಣ ತಪ್ಪಿದ ಮರಿಗೂ ಅದೇ ಕಾವು, ಅದೇ ಕಾಳು, ಅದೇ ಆಯುಷ್ಯ ಸಿಗುವುದಾದರೆ ಅದು ದಯೆ. ಸಿಗದಿದ್ದರೆ ಅದು ರಾಗ.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಎಂಟು ಮದಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಕುಲ, ಜಾತಿ, ಬಲ, ಶರೀರ ಎಂಬ ನಾಲ್ಕು ಇಲ್ಲಿ ಮುಖ್ಯ. ಪ್ರದರ್ಶನದ ತೀರ್ಪುಗಾರನ ಕೈಯಲ್ಲಿರುವ ಪಟ್ಟಿಯೂ ಹೆಚ್ಚುಕಡಿಮೆ ಇದೇ: ವಂಶ, ತಳಿ, ಕಸುವು, ಮೈಕಟ್ಟು. ನಾವು ನಮ್ಮಲ್ಲಿ ಬಿಡಬೇಕಾದ ಮದವನ್ನು ಹಕ್ಕಿಯ ಮೈಮೇಲೆ ಬೆಳೆಸಿ, ಅದಕ್ಕೆ ಪದಕ ತೊಡಿಸುತ್ತಿದ್ದೇವೆ. ಅದೇ ಗ್ರಂಥವು ಪ್ರಾಣಿಗಳಿಗೆ ಕ್ಲೇಶವಾಗುವ ವ್ಯಾಪಾರದ ಮಾತನ್ನು ಪಾಪೋಪದೇಶವೆಂದು ಅನರ್ಥದಂಡದಲ್ಲಿ ಸೇರಿಸುತ್ತದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಹಣಕ್ಕಾಗಿ ಗಿಳಿ, ನಾಯಿ, ಬೆಕ್ಕು, ನವಿಲುಗಳೊಡನೆ ಕೋಳಿಯನ್ನೂ ಹೆಸರಿಸಿಯೇ, ಅವುಗಳ ಪೋಷಣೆಯನ್ನು ಶ್ರಾವಕನಿಗೆ ನಿಷಿದ್ಧವಾದ ವೃತ್ತಿಗಳಲ್ಲಿ ಎಣಿಸಿದ್ದಾರೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧನವು ಮೊದಲನೆಯದು, ಛೇದನ ಮೂರನೆಯದು. ಪಂಜರವು ಬಂಧನ. ಕಾದಾಟದ ತಳಿಯ ಹುಂಜಗಳ ಜುಟ್ಟನ್ನೂ ಗಲ್ಲದ ತೊಗಲನ್ನೂ ಕತ್ತರಿಸಿ ಪ್ರದರ್ಶನಕ್ಕಿಡುವ ಹಳೆಯ ಪದ್ಧತಿಯು ಛೇದನ.

ಆರಂಭಿ, ಉದ್ಯೋಗಿ, ವಿರೋಧಿ ಎಂಬ ಮೂರು ಬಗೆಯ ಹಿಂಸೆಗಳಲ್ಲಿ ಗೃಹಸ್ಥನಿಗೆ ಶಾಸ್ತ್ರವು ಒಂದಿಷ್ಟು ಅನಿವಾರ್ಯತೆಯನ್ನು ಒಪ್ಪಿದೆ. ಅಡಿಗೆಯ ಒಲೆ, ಹೊಲದ ನೇಗಿಲು, ಆತ್ಮರಕ್ಷಣೆ ಇವು ಬದುಕಿಗೆ ಅಂಟಿಕೊಂಡವು. ಜುಟ್ಟಿನ ದಪ್ಪಕ್ಕೂ ಬಾಲದ ಉದ್ದಕ್ಕೂ ಅಂತಹ ಅನಿವಾರ್ಯತೆ ಏನಿದೆ? ಇದು ಸಂಕಲ್ಪದ ಕಡೆಗೇ ವಾಲುತ್ತದೆ. ಒಂದು ಮಾತು ಸ್ಪಷ್ಟವಾಗಿರಲಿ: ಹಿತ್ತಲಲ್ಲಿ ನಾಲ್ಕು ನಾಡಕೋಳಿ ಸಾಕಿ ಬದುಕುವ ನೆರೆಯ ಬಡವರ ಮೇಲೆ ತೀರ್ಪು ಕೊಡಲು ನಾನು ಬರೆಯುತ್ತಿಲ್ಲ. ನಾನು ಬರೆಯುತ್ತಿರುವುದು ನಮ್ಮ ಮನೆಗಳಿಗೆ, ನಮ್ಮ ಬಸದಿಗಳ ಟ್ರಸ್ಟುಗಳಿಗೆ.

ಚಂದ್ರಮತಿಯ ಪಾಲು

ಶಿರಸಿಯ ಹಿರಿಯರು ಒಂದು ಸಂಗತಿಯನ್ನು ಹೆಮ್ಮೆಯಿಂದ ಹೇಳುತ್ತಿದ್ದರು. 1934ರಲ್ಲಿ ಗಾಂಧೀಜಿಯವರು ಊರಿಗೆ ಬಂದಾಗ, ಕೋಣನ ಬಲಿ ನಡೆಯುತ್ತಿದ್ದ ಕಾರಣ ಮಾರಿಕಾಂಬಾ ದೇವಸ್ಥಾನವನ್ನು ಪ್ರವೇಶಿಸಲು ಒಪ್ಪಲಿಲ್ಲ. ಮುಂದೆ ಆ ಬಲಿ ನಿಂತಿತು. ಪ್ರವೇಶಿಸಿದ್ದರೆ ಅವರ ಕೈಗೆ ರಕ್ತವೇನೂ ಅಂಟುತ್ತಿರಲಿಲ್ಲ. ಆದರೆ ತಮ್ಮ ಉಪಸ್ಥಿತಿಯೇ ಒಂದು ಅನುಮೋದನೆ ಎಂದು ಅವರು ತಿಳಿದಿದ್ದರು. ಜೈನರಲ್ಲದ ಆ ಮಹನೀಯರು ಹೊಸ್ತಿಲಲ್ಲಿ ನಿಂತು ಪಾಲಿಸಿದ್ದನ್ನು, ಜೈನರಾದ ನಾವು ಸಭಾಭವನದ ಬೀಗದ ಕೈ ಕೊಡುವಾಗ ಮರೆತೆವು.

ದಿಲ್ಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ 1929ರಲ್ಲಿ ಆರಂಭವಾದ ಪಕ್ಷಿಗಳ ಆಸ್ಪತ್ರೆ ಇದೆ. ರೆಕ್ಕೆ ಮುರಿದದ್ದು, ಕಣ್ಣು ಹೋದದ್ದು, ಬೀದಿಯ ಪಾರಿವಾಳ, ಯಾವುದೇ ಬಂದರೂ ಅಲ್ಲಿ ಬಣ್ಣ ಕೇಳುವವರಿಲ್ಲ, ತೂಕ ನೋಡಿ ದರ್ಜೆ ಕೊಡುವವರಿಲ್ಲ. ಪ್ರದರ್ಶನದಲ್ಲಿ ಮೊದಲು ಹೊರಗೆ ಹೋಗುವ ಹಕ್ಕಿ ಆಸ್ಪತ್ರೆಯಲ್ಲಿ ಮೊದಲು ಒಳಗೆ ಬರುತ್ತದೆ. ಹಕ್ಕಿಯನ್ನು ಮಕ್ಕಳಿಗೆ ತೋರಿಸಲೇಬೇಕಾದರೆ ತೋರಿಸಬೇಕಾದ ಸ್ಥಳ ಅದು. ಅಷ್ಟು ದೂರ ಹೋಗಲಾಗದವರಿಗೆ ನಮ್ಮ ಬೆಟ್ಟದ ಕಾಡುಕೋಳಿ ಇದೆ. ಬೆಳಗ್ಗೆ ಬೇಗ ಎದ್ದರೆ ಸಾಕು.

ನಮ್ಮ ಟ್ರಸ್ಟಿನ ಮುಂದಿನ ಸಭೆಯಲ್ಲಿ ನಾನು ಈ ವಿಷಯವನ್ನೆತ್ತಿದೆ. ಸ್ವಲ್ಪ ಚರ್ಚೆ ನಡೆಯಿತು. ಜೀವಿಗಳನ್ನು ಸ್ಪರ್ಧೆಗಿಡುವ ಕಾರ್ಯಕ್ರಮಗಳಿಗೆ ಸಭಾಭವನ ಕೊಡಬಾರದೆಂದು ತೀರ್ಮಾನವಾಯಿತು. ಒಬ್ಬರು ಸದಸ್ಯರು, “ನಾವು ಕೊಡದಿದ್ದರೆ ಬೇರೆ ಕಡೆ ಮಾಡುತ್ತಾರೆ, ನಿಂತ ಹಾಗಾಯಿತೇ?” ಎಂದು ಕೇಳಿದರು. ನಿಲ್ಲಲಿಕ್ಕಿಲ್ಲ. ಆದರೆ ಜನ್ನನ ಕಾವ್ಯದ ಪ್ರಶ್ನೆ ಬಲಿ ನಿಂತಿತೇ ಎಂಬುದಲ್ಲ. ಚಂದ್ರಮತಿಯು ಆ ಮಾತನ್ನು ಆಡಬೇಕಾಗಿತ್ತೇ ಎಂಬುದು.

ಬೇರೆ ಟ್ರಸ್ಟುಗಳ ಮುಂದೆಯೂ ಇಂತಹ ಅರ್ಜಿಗಳು ಬರಬಹುದು. ಮಕ್ಕಳು ಬಣ್ಣದ ಮರಿಗಳನ್ನು ಮನೆಗೆ ತರಬೇಕೆಂದು ಹಟ ಹಿಡಿಯಬಹುದು. ಆಗ ಕೊಲ್ಲುತ್ತೀರಾ, ತಿನ್ನುತ್ತೀರಾ ಎಂದಷ್ಟೇ ಕೇಳಿ ಸುಮ್ಮನಾಗದೆ, ಬಣ್ಣ ತಪ್ಪಿದ ಮರಿಗಳು ಎಲ್ಲಿಗೆ ಹೋದವು ಎಂದು ಒಮ್ಮೆ ಕೇಳಿರಿ. ನಾನು ಸಹಿ ಹಾಕಿದ ಮೇಲೆ ಕೇಳಿದೆ. ಆ ವರ್ಷದ ಲೆಕ್ಕಪುಸ್ತಕದ ಜಮೆಯ ಕಡೆಯಲ್ಲಿ ಸಭಾಭವನದ ಒಂದು ದಿನದ ಬಾಡಿಗೆ ನನ್ನ ಅಕ್ಷರದಲ್ಲೇ ಇದೆ. ಅದರ ಎದುರಿನ ಖರ್ಚಿನ ಕಲಮನ್ನು ನಾನು ಆಗ ಬರೆಯಲಿಲ್ಲ. ಈ ಲೇಖನವನ್ನು ಅದರ ಬದಲಿಗೆ ಬರೆದಿದ್ದೇನೆ.